ಸೂರಿನಡಿ ಕಣಜದ ಗೂಡು: ಸೂಡಿ ಹಚ್ಚುವ ಮೊದಲು

ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ತೆಗೆಯುವಾಗ ನಾನು ಮೊದಲು ಕೈ ಹಾಕಿದೆ, ಆಮೇಲೆ ಕಣ್ಣು ಹಾಕಿದೆ. ಮಳೆಗಾಲ ಪೂರ್ತಿ ಮೋಟಾರು ಓಡಿಸಿರಲಿಲ್ಲ. ಡಬ್ಬಿಯೊಳಗೆ ಅಂಗೈ ಅಗಲದ ಗೂಡು ನೇತಾಡುತ್ತಿತ್ತು. ಹುಬ್ಬಿನ ಮೇಲೆ ಎರಡು, ಮಣಿಕಟ್ಟಿನ ಮೇಲೆ ಮೂರು ಬಿತ್ತು. ಉರಿ ತಾಳಲಾರದೆ ಒಂದನ್ನು ಅಲ್ಲೇ ಹಿಸುಕಿ ಹಾಕಿದೆ. ಅದು ಇನ್ನೂ ದೊಡ್ಡ ತಪ್ಪು. ಹಿಸುಕಿದ ಕಣಜದಿಂದ ಹೊರಡುವ ವಿಷದ ವಾಸನೆ ಉಳಿದವುಗಳಿಗೆ ಕೂಗಿ ಕರೆದ ಹಾಗೆ. ಬಸಿಗಾಲುವೆ ಹಾರಿ ಓಡಿದ್ದಷ್ಟೇ ನೆನಪು. ಎರಡು ದಿನ ಬಲಗಣ್ಣು ತೆರೆಯಲಿಲ್ಲ.

ಅಲ್ಲಿಂದ ಈಚೆಗೆ ಕಣಜಗಳ ಬಗ್ಗೆ ಸ್ವಲ್ಪ ಓದಿದೆ, ಜಾಸ್ತಿ ನೋಡಿದೆ. ಕೆಲವು ಗೂಡು ತೆಗೆದೆ. ಅದಕ್ಕಿಂತ ಹೆಚ್ಚು ಗೂಡುಗಳನ್ನು ಮುಟ್ಟದೆ ಬಿಟ್ಟೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಹಂಚಿನ ಮನೆ, ಕೊಟ್ಟಿಗೆ, ತೋಟ ಇಟ್ಟುಕೊಂಡವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ಶಿವಮೊಗ್ಗದ ಬಡಾವಣೆಯಲ್ಲಿ ಮನೆ ಇರುವವರಿಗೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲೇ ಒಂದು ಮಾತು. ಈ ವಿಷಯದಲ್ಲಿ ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಹಿಮ ಬೀಳುವ ದೇಶಗಳದ್ದು. 'ಚಳಿಗಾಲದವರೆಗೆ ಕಾಯಿರಿ, ಗೂಡು ತಾನೇ ಖಾಲಿಯಾಗುತ್ತದೆ' ಅನ್ನುತ್ತಾರೆ. ಅಲ್ಲಿ ಅದು ನಿಜ. ನಮ್ಮ ಮಲೆನಾಡಿನ ಚಳಿ ಕಣಜಕ್ಕೆ ಒಂದು ಲೆಕ್ಕವೇ ಅಲ್ಲ. ಸೂರಿನ ಕೆಳಗೆ ಕಟ್ಟುವ ನಮ್ಮ ಸಾಮಾನ್ಯ ಕಣಜ ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಹೊಸ ಗೂಡು ಶುರು ಮಾಡುತ್ತದೆ. ಕಾದು ಕೂತರೆ ಗೂಡು ದೊಡ್ಡದಾಗುತ್ತದೆ, ಅಷ್ಟೇ.

ಯಾವ ಹುಳ ಅಂತ ನೋಡಿ

ಹಳದಿ ಪಟ್ಟೆ ಕಂಡ ತಕ್ಷಣ ಪೊರಕೆ ಹುಡುಕಬೇಡಿ. ಐದಾರು ಮೀಟರ್ ದೂರದಲ್ಲಿ ಒಂದು ಲೋಟ ಕಾಫಿ ಹಿಡಿದು ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಗೂಡು ಎಂಥದು, ಹುಳ ಎಷ್ಟು ದೊಡ್ಡದು, ಎಲ್ಲಿಂದ ಒಳಗೆ ಹೋಗುತ್ತದೆ, ಎಷ್ಟು ಹೊತ್ತಿಗೊಂದು ಬರುತ್ತದೆ. ಮುಂದಿನ ಎಲ್ಲ ಕೆಲಸವೂ ಈ ಹತ್ತು ನಿಮಿಷದ ಮೇಲೆ ನಿಂತಿದೆ.

ಗೋಡೆಗೆ, ಬಾಗಿಲ ಚೌಕಟ್ಟಿಗೆ, ಫೋಟೋದ ಹಿಂದೆ ಮಣ್ಣಿನ ಉಂಡೆ ಅಂಟಿಸಿದ ಹಾಗಿದ್ದರೆ ಅದು ಕುಂಬಾರ ಹುಳ. ಸೊಂಟ ದಾರದಷ್ಟು ಸಣ್ಣ. ಅದು ಒಂಟಿ ಜೀವ. ಮಣ್ಣಿನ ಕೋಣೆ ಕಟ್ಟಿ, ಜೇಡವನ್ನೋ ಕಂಬಳಿಹುಳವನ್ನೋ ಕುಟುಕಿ, ಸಾಯಿಸದೆ ಜೋಮು ಹಿಡಿಸಿ ಒಳಗೆ ತುಂಬುತ್ತದೆ. ಮೊಟ್ಟೆಯಿಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಕಾಯುವ ಪಡೆ ಇಲ್ಲ. ಕೈಯಲ್ಲಿ ಹಿಡಿದರೆ ಮಾತ್ರ ಕುಟುಕೀತು. ಗೋಡೆ ಅಂದಗೆಡುತ್ತದೆ ಅನ್ನಿಸಿದರೆ ಹಗಲಲ್ಲೇ ಹಳೆ ಚಾಕುವಿನಿಂದ ಕೆರೆದು ತೆಗೆಯಿರಿ. ಉಂಡೆಯಲ್ಲಿ ದುಂಡನೆ ತೂತು ಇದ್ದರೆ ಮರಿ ಹಾರಿಹೋಗಿದೆ ಎಂದರ್ಥ.

ಬೂದು ಬಣ್ಣದ ಕಾಗದದ ಹಾಗಿರುವ ಗೂಡು, ಕೆಳಗಿನಿಂದ ನೋಡಿದರೆ ಕೋಣೆಗಳ ಬಾಯಿ ಕಾಣುತ್ತದೆ, ಒಂದು ಸಣ್ಣ ಕಡ್ಡಿಯಂಥ ತೊಟ್ಟಿನಿಂದ ನೇತಾಡುತ್ತದೆ. ಇದು ನಮ್ಮ ಜಗಲಿ, ಕೊಟ್ಟಿಗೆ, ಸೌದೆಮನೆಯ ಮಾಮೂಲಿ ಕಣಜ. ಹಳೆ ಬೇಲಿಗೂಟ, ಬಣ್ಣ ಹಚ್ಚದ ಪಕಾಸಿನ ಮರ ಕೆರೆದು, ಎಂಜಲಿನಲ್ಲಿ ಕಲಸಿ ಅದು ಕಾಗದ ಮಾಡುತ್ತದೆ. ಗೂಡಿನಲ್ಲಿ ಹತ್ತರಿಂದ ಹಿಡಿದು ಕೆಲವು ಡಜನ್ ಹುಳ ಇರಬಹುದು. ಈ ಲೇಖನದ ಮುಖ್ಯ ಗಿರಾಕಿ ಇದೇ.

ಇನ್ನೊಂದು ಇದರ ದೊಡ್ಡಣ್ಣ, ಕಡಜ. ಹುಳ ಒಂದು ಇಂಚಿನಷ್ಟು ಉದ್ದ, ಕಪ್ಪು ಮೈ, ಹೊಟ್ಟೆಗೆ ಒಂದು ಅಗಲದ ಹಳದಿ ಪಟ್ಟಿ. ಹಾರಿದರೆ ಸದ್ದೇ ಬೇರೆ. ಇದರಲ್ಲಿ ಒಂದು ಜಾತಿ ಮರದ ಮೇಲೆ, ಪೊದೆಯಲ್ಲಿ, ಕೆಲವೊಮ್ಮೆ ಮನೆಯ ಮಾಡಿಗೇ ನೀರಿನ ಕೊಡದ ಗಾತ್ರದ ಗೂಡು ಕಟ್ಟುತ್ತದೆ. ಇನ್ನೊಂದು ಮರದ ಪೊಟರೆ, ನೆಲದ ಬಿಲ, ಪಾಳು ಗೋಡೆ ಹುಡುಕುತ್ತದೆ. ಮರದ ಗೂಡಿಗೆ ಸುತ್ತಲೂ ಕಾಗದದ ಹೊದಿಕೆ, ಒಂದೇ ಬಾಗಿಲು. ಒಳಗೆ ಅಂತಸ್ತಿನ ಮೇಲೆ ಅಂತಸ್ತು, ನೂರಾರು ಹುಳ. ಇದನ್ನು ನೀವು ತೆಗೆಯುವ ಪ್ರಶ್ನೆಯೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೇನನ್ನು ಕಣಜ ಅಂದುಕೊಂಡು ಕೊಲ್ಲುವವರೂ ಇದ್ದಾರೆ. ಗೋಡೆಯ ಸಂದಿಯಲ್ಲಿ ಮೇಣದ ಸಣ್ಣ ಕೊಳವೆ ಇಟ್ಟುಕೊಂಡು ಸೊಳ್ಳೆಯಷ್ಟೇ ಇರುವ ಹುಳ ಓಡಾಡುತ್ತಿದ್ದರೆ ಅದು ಮುಜಂಟಿ. ಕುಟುಕಲು ಬರುವುದೇ ಇಲ್ಲ. ಮುಟ್ಟಬೇಡಿ, ಅದೃಷ್ಟ ಅಂದುಕೊಳ್ಳಿ. ಗೋಡೆಯೊಳಗೆ, ಹಳೆ ಪೆಟ್ಟಿಗೆಯೊಳಗೆ ತುಡುವೆ ಜೇನು ಸೇರಿದ್ದರೆ ಜೇನು ಸಾಕುವವರಿಗೆ ಒಂದು ಮಾತು ಹೇಳಿ. ನಮ್ಮ ಕಡೆ ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ, ಪೆಟ್ಟಿಗೆ ಹೊತ್ತು ಖುಷಿಯಿಂದ ಬರುತ್ತಾರೆ. ಎತ್ತರದ ಮರಕ್ಕೋ ನೀರಿನ ಟ್ಯಾಂಕಿನ ಅಡಿಗೋ ದೊಡ್ಡ ಒಂಟಿ ತಟ್ಟಿ ನೇತಾಡುತ್ತಿದ್ದು, ಮೈತುಂಬ ಹುಳ ಹೊದ್ದಂತಿದ್ದರೆ ಅದು ಹೆಜ್ಜೇನು. ಅದು ಊರೂರು ತಿರುಗುವ ಜಾತಿ. ಹೂವಿನ ಕಾಲ ಮುಗಿದ ಮೇಲೆ ತಾನೇ ಎದ್ದು ಹೋಗುತ್ತದೆ. ಅದರ ಹತ್ತಿರ ಹೊಗೆ, ಪಟಾಕಿ, ಕಲ್ಲು ಯಾವುದೂ ಬೇಡ.

ತೆಗೆಯಲೇಬೇಕಾ?

ನನ್ನ ಲೆಕ್ಕ ಸುಲಭ. ಮನುಷ್ಯರು, ದನಕರುಗಳು ದಿನಾ ಓಡಾಡುವ ದಾರಿಯಿಂದ ಐದಾರು ಮೀಟರ್ ಒಳಗಿದ್ದರೆ ತೆಗೆಯಬೇಕು. ಅದಕ್ಕಿಂತ ದೂರ ಇದ್ದರೆ ಬಿಡಬಹುದು. ಬಾಗಿಲು, ಬಚ್ಚಲು, ಮೀಟರ್ ಬೋರ್ಡ್, ಮೋಟಾರು ಶೆಡ್, ಮಕ್ಕಳ ಉಯ್ಯಾಲೆ, ಕೊಟ್ಟಿಗೆಯ ಗೋದಲಿ ಇವುಗಳ ಹತ್ತಿರ ಇದ್ದರೆ ಮಾತೇ ಬೇಡ, ತೆಗೆಯಿರಿ. ಹುಲ್ಲು ಬೇಣದ ಆ ತುದಿಯ ಪೊದೆಯಲ್ಲಿದ್ದರೆ ಅದರ ಪಾಡಿಗೆ ಅದು.

ಬಿಡುವುದರಲ್ಲಿ ಲಾಭವೂ ಇದೆ. ಬೆಳೆದ ಕಣಜ ಹೂವಿನ ರಸ ಕುಡಿದು ಬದುಕೀತು. ಆದರೆ ಮರಿಗಳಿಗೆ ಮಾಂಸ ಬೇಕು. ಹಿತ್ತಲಿನ ಬಸಳೆ, ಬೆಂಡೆಯ ಮೇಲಿನ ಕಂಬಳಿಹುಳಗಳನ್ನು ಅಗಿದು ಉಂಡೆ ಮಾಡಿ ಹೊತ್ತುಕೊಂಡು ಹೋಗುವುದನ್ನು ನೀವೇ ನೋಡಬಹುದು.

ಗೂಡು ದೂರದಲ್ಲಿದ್ದರೂ ಎರಡು ಸಂದರ್ಭದಲ್ಲಿ ಎಚ್ಚರ ಬೇಕು. ಅಡಕೆ ಗೊನೆ ಇಳಿಸುವ ಕೊನೆಗಾರರು ಮರ ಹತ್ತುವ ಮೊದಲು, ಗೊನೆಗೆ ಕೊಟ್ಟೆ ಕಟ್ಟುವ ಮೊದಲು, ಔಷಧಿ ಹೊಡೆಯುವ ಮೊದಲು ಅಡಕೆ ಮರದ ತಲೆಗಳನ್ನು ಕೆಳಗಿನಿಂದ ಒಮ್ಮೆ ನೋಡಿ. ಮರದ ತುದಿಯಲ್ಲಿ ಕಣಜ ಎದ್ದರೆ ಕೈ ಬಿಡುವುದಲ್ಲದೆ ಬೇರೆ ದಾರಿಯೇ ಇರುವುದಿಲ್ಲ. ಎರಡನೆಯದು ಹುಲ್ಲು ಕತ್ತರಿಸುವ ಮಷಿನ್. ಅದರ ನಡುಕಕ್ಕೆ ಪೊದೆಯ ಗೂಡು, ನೆಲದ ಗೂಡು ಒಮ್ಮೆಲೇ ಏಳುತ್ತವೆ. ಮಷಿನ್ ಸದ್ದಿಗೆ ಹುಳದ ಸದ್ದು ಕೇಳುವುದಿಲ್ಲ. ಮೊದಲ ಕುಟುಕು ಬಿದ್ದ ಮೇಲೇ ಗೊತ್ತಾಗುವುದು.

ನೆಲ್ಲಿಕಾಯಿ ಗಾತ್ರ ಇದ್ದಾಗಲೇ

ಎಲ್ಲಕ್ಕಿಂತ ಒಳ್ಳೆಯ ಉಪಾಯ ಇದು. ಯಾವ ಗೂಡೂ ಹುಟ್ಟುವಾಗಲೇ ಅಂಗೈ ಅಗಲ ಇರುವುದಿಲ್ಲ. ಒಂದು ಹೆಣ್ಣು, ಕೆಲವೊಮ್ಮೆ ಎರಡು ಮೂರು ಸೇರಿ, ನಾಲ್ಕೈದು ಕೋಣೆಯಿಂದ ಶುರು ಮಾಡುತ್ತವೆ. ಆಗ ಕೆಲಸ ಪೊರಕೆಯದು, ಖರ್ಚು ಸೊನ್ನೆ.

ವಾರಕ್ಕೊಮ್ಮೆ, ನಮ್ಮಲ್ಲಿ ಅದು ಭಾನುವಾರ, ಮನೆ ಸುತ್ತ ಒಂದು ಸುತ್ತು ಹಾಕಿ. ತಲೆ ಎತ್ತಿ ನಡೆಯಬೇಕು, ಅಷ್ಟೇ. ಸೂರಿನ ಅಂಚು, ರೀಪಿನ ಸಂದಿ, ಕಿಟಕಿಯ ಸಜ್ಜದ ಅಡಿ, ಗೇಟಿನ ಪೈಪಿನ ಬಾಯಿ, ಗ್ಯಾಸ್ ಸಿಲಿಂಡರ್ ಇಡುವ ಗೂಡು, ಮೀಟರ್ ಡಬ್ಬಿ, ಮೂಲೆಗೆ ಒರಗಿಸಿದ ಅಡಕೆ ಹಾಳೆಯ ರಾಶಿ, ತಾಡಪಾಲು ಹೊದಿಸಿ ನಿಲ್ಲಿಸಿದ ಜೀಪು. ಮಳೆಗಾಲದಲ್ಲಿ ಸೋಗೆ ಕಟ್ಟಿದ ಗೋಡೆಯ ಒಳಬದಿಯನ್ನು ಮರೆಯಬೇಡಿ. ಒಣಗಿದ, ಬೆಚ್ಚಗಿನ, ಯಾರೂ ಕೈ ಆಡಿಸದ ಜಾಗ ಕಣಜಕ್ಕೆ ಅಚ್ಚುಮೆಚ್ಚು.

ಸಣ್ಣ ಗೂಡು ಕಂಡರೆ ಹುಳ ಆಹಾರಕ್ಕೋ ಮರ ಕೆರೆಯುವುದಕ್ಕೋ ಹೊರಗೆ ಹೋಗುವವರೆಗೆ ಕಾಯಿರಿ. ಅರ್ಧ ಗಂಟೆ ಸಾಕು. ಖಾಲಿಯಾದಾಗ ಉದ್ದ ಕೋಲಿಗೆ ಪೊರಕೆ ಕಟ್ಟಿ ಗೂಡು ಕೆಡವಿ. ತೊಟ್ಟು ಅಂಟಿದ್ದ ಜಾಗವನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ. ಹುಳ ವಾಪಸ್ ಬರುತ್ತದೆ, ಗೂಡು ಹುಡುಕಿ ಸುತ್ತುತ್ತದೆ, ಮತ್ತೆ ಶುರು ಮಾಡುತ್ತದೆ. ಮತ್ತೆ ಕೆಡವಿ. ಮೂರು ನಾಲ್ಕು ಸಲ ಆದ ಮೇಲೆ ಬೇರೆ ಊರು ನೋಡಿಕೊಳ್ಳುತ್ತದೆ. ಒಂದನ್ನೂ ಕೊಲ್ಲಬೇಕಾಗಿಲ್ಲ.

'ರಾಣಿಯನ್ನು ಕೊಂದರೆ ಗೂಡು ಖಾಲಿ' ಅಂತ ಒಂದು ನಂಬಿಕೆ ಇದೆ. ನಮ್ಮ ಕಣಜದ ವಿಷಯದಲ್ಲಿ ಅದು ನಡೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಈ ಹುಳದ ಸಂಸಾರವನ್ನೇ ನೋಡುತ್ತಾ ಕೂತವರು. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಯಾರು ಯಾರನ್ನು ಗದರಿದರು ಅಂತ ಬರೆದಿಟ್ಟವರು. ಅವರು ಕಂಡದ್ದು ಏನೆಂದರೆ, ಇದರ ರಾಣಿ ಜಗಳಗಂಟಿಯಲ್ಲ, ತುಂಬಾ ಸಾಧು. ಅವಳನ್ನು ತೆಗೆದರೆ ಕೆಲವೇ ನಿಮಿಷದಲ್ಲಿ ಕೆಲಸದ ಹುಳಗಳಲ್ಲೇ ಒಂದು ಏಕಾಏಕಿ ಜೋರು ಮಾಡಲು ಶುರು ಮಾಡುತ್ತದೆ. ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆ ಇಡುವ ಹೊಸ ರಾಣಿ. ಅಂದರೆ ತೆಗೆಯುವುದಾದರೆ ಗೂಡನ್ನೇ ತೆಗೆಯಬೇಕು. ಒಂದೊಂದೇ ಹುಳಕ್ಕೆ ಚಪ್ಪಲಿ ಬೀಸುವುದು ದಂಡ.

ಅಂಗೈ ಅಗಲದ ಗೂಡಾದರೆ

ಇಲ್ಲಿ ರಾತ್ರಿಯ ಕೆಲಸ. ಕತ್ತಲಾದ ಮೇಲೆ ಎಲ್ಲ ಹುಳವೂ ಗೂಡಿನ ಮೇಲಿರುತ್ತವೆ, ಚುರುಕೂ ಕಡಿಮೆ. ಹಗಲಲ್ಲಿ ತೆಗೆದರೆ ಹೊರಗೆ ಹೋದವು ಸಂಜೆ ಬಂದು ನಿಮ್ಮ ತಲೆಯ ಮೇಲೆ ಗೂಡು ಹುಡುಕುತ್ತವೆ. ರಾತ್ರಿ ಎಂಟರ ನಂತರ ಒಳ್ಳೆಯ ಹೊತ್ತು.

ನೀವು ಮಾಡಬಹುದಾದ ಗೂಡಿಗೆ ಮೂರು ಗುಣ ಇರಬೇಕು. ಅಂಗೈಗಿಂತ ದೊಡ್ಡದಲ್ಲ. ಕೋಣೆಗಳು ತೆರೆದು ಕಾಣುತ್ತವೆ, ಹೊದಿಕೆ ಇಲ್ಲ. ನೆಲದಲ್ಲಿ ನಿಂತೇ ಎಟುಕಿಸಬಹುದು. ಮೂರರಲ್ಲಿ ಒಂದು ತಪ್ಪಿದರೂ ಬೇರೆಯವರನ್ನು ಕರೆಯಿರಿ. ಮೂರನೆಯದನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ, ಏಣಿ ತರುತ್ತಾರೆ. ಏಣಿಯ ಮೇಲೆ ನಿಂತವನ ಮುಖಕ್ಕೆ ಒಂದು ಹುಳ ಬಂದರೆ ಸಾಕು, ಉಳಿದ ಕೆಲಸ ನೆಲ ಮಾಡುತ್ತದೆ. ಹಾಗಾಗಿ ಏಣಿ, ಸ್ಟೂಲು, ಬೆಂಚು ಯಾವುದೂ ಬೇಡ.

ಇನ್ನೊಂದು ಷರತ್ತು. ಹಿಂದೆ ಕಣಜವೋ ಜೇನೋ ಕುಟುಕಿ ಮೈತುಂಬ ದದ್ದು ಎದ್ದವರು, ಉಸಿರು ಕಟ್ಟಿದವರು ಈ ಕೆಲಸಕ್ಕೆ ಬರಲೇಬಾರದು. ಟಾರ್ಚ್ ಹಿಡಿಯಲಿಕ್ಕೂ ಬೇಡ.

ಬೇಕಾದ ಸಾಮಾನು ಮನೆಯಲ್ಲೇ ಇರುತ್ತದೆ. ಔಷಧಿ ಹೊಡೆಯುವಾಗ ಹಾಕುವ ರೈನ್‌ಕೋಟು, ಪ್ಯಾಂಟು. ಗಮ್‌ಬೂಟು. ದಪ್ಪ ಕೈಗವಸು. ಜೇನು ಸಾಕುವವರಿಂದ ಒಂದು ದಿನಕ್ಕೆ ಮುಖಪರದೆ. ಅದು ಸಿಗದಿದ್ದರೆ ಅಗಲ ಟೋಪಿಯ ಮೇಲೆ ಸೊಳ್ಳೆಪರದೆಯ ತುಂಡು ಇಳಿಬಿಟ್ಟು ಕುತ್ತಿಗೆಗೆ ಟವೆಲ್ ಸುತ್ತಿ. ತೋಳಿನ ತುದಿ, ಪ್ಯಾಂಟಿನ ತುದಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ. ಕಂಬಳಿ ಹೊದ್ದು ಹೋಗುವವರಿದ್ದಾರೆ. ಕಂಬಳಿ ದಪ್ಪ ನಿಜ, ಆದರೆ ಒಳಗೆ ಒಂದು ಹುಳ ಸೇರಿಕೊಂಡರೆ ಅದನ್ನು ಬಿಚ್ಚಿ ಬಿಸಾಡುವಷ್ಟರಲ್ಲಿ ಹತ್ತು ಸಲ ಕುಟುಕಿರುತ್ತದೆ. ಜೇನಿನ ಕೊಂಡಿಗೆ ಮುಳ್ಳು ಇದೆ, ಚುಚ್ಚಿದಲ್ಲೇ ಸಿಕ್ಕಿಕೊಳ್ಳುತ್ತದೆ. ಕಣಜದ್ದು ನುಣುಪು ಸೂಜಿ. ಒಂದೇ ಹುಳ ಎಷ್ಟು ಸಲ ಬೇಕಾದರೂ ಚುಚ್ಚಬಲ್ಲದು.

ಇನ್ನು ಮದ್ದು. ನಾನು ಸೋಪಿನ ನೀರಿನ ಪಕ್ಷ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಚಮಚ. ಹೂವಿನ ಗಿಡಕ್ಕೆ ಹೊಡೆಯುವ, ಗಾಳಿ ತುಂಬುವ ಎರಡು ಲೀಟರಿನ ಸ್ಪ್ರೇಯರ್ ಇದ್ದರೆ ಚೆನ್ನ. ಮೂತಿ ತಿರುಗಿಸಿ ಹನಿಹನಿ ಬದಲು ಒಂದೇ ಧಾರೆ ಬರುವ ಹಾಗೆ ಮಾಡಿಕೊಳ್ಳಿ. ಕಣಜ ಉಸಿರಾಡುವುದು ಮೈ ಬದಿಯ ಸಣ್ಣ ತೂತುಗಳಿಂದ. ಬರಿ ನೀರು ಅದರ ಮೈಮೇಲಿಂದ ಜಾರುತ್ತದೆ. ಸೋಪು ಸೇರಿದ ನೀರು ಆ ತೂತಿನೊಳಗೆ ಇಳಿಯುತ್ತದೆ. ರೆಕ್ಕೆಯೂ ನೆನೆದು ಹಾರಲಾಗುವುದಿಲ್ಲ. ಬಾವಿಗೆ, ಕೋಳಿಗೆ, ಪಕ್ಕದ ಜೇನಿಗೆ ಇದರಿಂದ ತೊಂದರೆ ಕಡಿಮೆ.

ಜಿರಲೆಗೆ ಹೊಡೆಯುವ ಸ್ಪ್ರೇಯೂ ಕೆಲಸ ಮಾಡುತ್ತದೆ, ಬೇಗವೇ ಮಾಡುತ್ತದೆ. ಆದರೆ ಅದರ ಧಾರೆ ಹೆಚ್ಚು ದೂರ ಹೋಗುವುದಿಲ್ಲ, ಹತ್ತಿರ ಹೋಗಬೇಕಾಗುತ್ತದೆ. ಬೆಂಕಿ ತಗುಲಿದರೆ ಭಗ್ ಅನ್ನುತ್ತದೆ. ಅದರಲ್ಲಿರುವ ಮದ್ದು ಮೀನಿಗೆ, ಜೇನಿಗೆ ಕಡುವಿಷ. ಬಾವಿಕಟ್ಟೆ, ಮೀನಿನ ತೊಟ್ಟಿ, ಜೇನು ಪೆಟ್ಟಿಗೆ, ಅಡುಗೆಮನೆ ಹತ್ತಿರ ಇರುವಾಗ ಬಳಸಬೇಡಿ.

ಈಗ ಕೆಲಸದ ಕ್ರಮ.

1. ಹಗಲಲ್ಲೇ ನಿಲ್ಲುವ ಜಾಗ ಗುರುತು ಮಾಡಿ. ಗೂಡಿನ ನೇರ ಕೆಳಗೆ ಬೇಡ, ಎರಡು ಮೂರು ಮೀಟರ್ ಪಕ್ಕಕ್ಕೆ. ಅಲ್ಲಿಂದ ಓಡುವ ದಾರಿ ನೋಡಿ ಇಟ್ಟುಕೊಳ್ಳಿ. ದಾರಿಯಲ್ಲಿ ಕೊಡ, ಕತ್ತಿ, ಸೌದೆ, ಸೈಕಲ್ ಇರಬಾರದು.

2. ಕಿಟಕಿ, ಬಾಗಿಲು ಹಾಕಿ. ನಾಯಿಯನ್ನು ಆ ಕಡೆ ಕಟ್ಟಿ. ಕೊಟ್ಟಿಗೆಯಲ್ಲಿ ಗೂಡಿದ್ದರೆ ದನಗಳನ್ನು ಮೊದಲೇ ಬೇರೆ ಕಡೆ ಕಟ್ಟಿ. ಕಟ್ಟಿದ ದನ ಓಡಲಾರದು, ಅದು ನೆನಪಿರಲಿ.

3. ಒಬ್ಬರೇ ಹೋಗಬೇಡಿ. ಇನ್ನೊಬ್ಬರು ದೂರದಲ್ಲಿ ನಿಂತಿರಲಿ. ಗಾಡಿಯ ಕೀಲಿ ಅವರ ಜೇಬಿನಲ್ಲಿರಲಿ. ನಮ್ಮ ಊರುಗಳಲ್ಲಿ ಫೋನ್ ಹಿಡಿದರೆ ನೆಟ್‌ವರ್ಕ್ ಸಿಗುತ್ತದೆ ಅನ್ನುವ ಹಾಗಿಲ್ಲ ಅಲ್ವಾ?

4. ಜಗಲಿಯ ದೀಪ ಆರಿಸಿ. ಕೆರಳಿದ ಹುಳ ಬೆಳಕಿನ ಕಡೆ ಹಾರುತ್ತದೆ. ಟಾರ್ಚ್ ಕೈಯಲ್ಲಿ ಹಿಡಿಯಬೇಡಿ, ತಲೆಗೂ ಕಟ್ಟಬೇಡಿ. ಪಕ್ಕಕ್ಕೆ ಕಟ್ಟೆಯ ಮೇಲೆ ಇಟ್ಟು ಗೂಡಿನ ಕಡೆ ತಿರುಗಿಸಿ. ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದರೆ ಇನ್ನೂ ಒಳ್ಳೆಯದು. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ.

5. ಗೂಡಿನ ಮೇಲೆ ಧಾರೆ ಬಿಡಿ. ಒಂದು ಸಲ ಚಿಮುಕಿಸಿ ನಿಲ್ಲಿಸಬೇಡಿ. ಅರ್ಧ ನಿಮಿಷ ಬಿಡದೆ ಹೊಡೆಯಿರಿ. ಎಲ್ಲ ಹುಳ ನೆನೆಯಬೇಕು. ಮಧ್ಯೆ ಏನಾದರೂ ಎಡವಟ್ಟಾದರೆ ಸ್ಪ್ರೇಯರ್ ಅಲ್ಲೇ ಬಿಟ್ಟು ಹೊರಡಿ. ಅದನ್ನು ನಾಳೆ ತರಬಹುದು.

6. ಹತ್ತು ನಿಮಿಷ ದೂರ ಹೋಗಿ. ಕೆಳಗೆ ಬಿದ್ದವು ಒದ್ದಾಡುತ್ತಿರುತ್ತವೆ. ಬರಿಗಾಲಿನಲ್ಲಿ ತುಳಿಯಬೇಡಿ, ಸತ್ತ ಹುಳದ ಕೊಂಡಿಯೂ ಚುಚ್ಚುತ್ತದೆ.

7. ಗೂಡಿನ ಮೇಲೆ ಓಡಾಟ ನಿಂತ ಮೇಲೆ ಬಿದಿರಿನ ಗಳದಿಂದ ತೊಟ್ಟು ಮುರಿದು, ಕೆಳಗೆ ಇಟ್ಟ ಸೋಪುನೀರಿನ ಬಕೆಟ್ಟಿಗೆ ಬೀಳಿಸಿ. ಮುಚ್ಚಳ ಹಾಕಿ ಬೆಳಗಿನವರೆಗೆ ಬಿಡಿ.

ಗಳ ಅಂದೆ, ಅಡಕೆ ಕೊಯ್ಯುವ ದೋಟಿ ಅನ್ನಲಿಲ್ಲ. ಅಲ್ಯೂಮಿನಿಯಂ ದೋಟಿಯಲ್ಲೂ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಸೂರಿನ ಪಕ್ಕದಲ್ಲೇ ಸರ್ವಿಸ್ ವೈರು ಹೋಗಿರುತ್ತದೆ. ಕತ್ತಲಲ್ಲಿ ಹುಳದ ಮೇಲೆ ಕಣ್ಣಿಟ್ಟವರಿಗೆ ವೈರು ಕಾಣುವುದಿಲ್ಲ. ಮೀಟರ್ ಬೋರ್ಡ್, ಸ್ಟಾರ್ಟರ್ ಡಬ್ಬಿಯೊಳಗೆ ಗೂಡಿದ್ದರೆ ನೀರು ಹೊಡೆಯುವುದೂ ಬೇಡ. ಮೊದಲು ಕರೆಂಟು ತೆಗೆಸಬೇಕು, ಲೈನ್‌ಮನ್‌ಗೆ ಹೇಳಿ.

ಸೂಡಿಯ ಕತೆ

ನಮ್ಮ ಕಡೆ ಹಳೆಯ ಕ್ರಮ ಎಂದರೆ ಒಣ ಸೋಗೆಯ ಸೂಡಿ ಕಟ್ಟಿ, ಬೆಂಕಿ ಹಚ್ಚಿ, ರಾತ್ರಿ ಗೂಡಿಗೆ ಹಿಡಿಯುವುದು. ನಮ್ಮ ದೊಡ್ಡಪ್ಪ ಅದರಲ್ಲಿ ಪಳಗಿದ ಕೈ. "ಎರಡು ನಿಮಿಷದ ಕೆಲಸ ಮಾರಾಯ, ನಿಂಗೆ ಸೋಪು ಸೀಗೆ ಎಲ್ಲ ಯಾಕೆ?" ಅಂತ ನಗುತ್ತಿದ್ದರು. ಬೇಲಿಯ ಮೇಲಿನ ಗೂಡಿಗೆ ಅವರ ಲೆಕ್ಕ ಸರಿಯಿತ್ತು. ಒಂದು ವರ್ಷ ಕೊಟ್ಟಿಗೆಯ ಮಾಡಿನ ಗೂಡಿಗೂ ಸೂಡಿ ಹಿಡಿದರು. ಗೂಡು ಸುಟ್ಟಿತು. ಅದರ ಹಿಂದೆ ರೀಪಿಗೆ ಅಂಟಿದ್ದ ಜೇಡರ ಬಲೆ, ಬಲೆಯಿಂದ ಅಟ್ಟದ ಮೇಲಿನ ಒಣಹುಲ್ಲು. ನಾಲ್ಕು ಜನ ಕೊಡಪಾನದಲ್ಲಿ ನೀರು ಎರಚಿ ಆರಿಸಿದೆವು. ಅರ್ಧ ಅಟ್ಟ ಹುಲ್ಲು ಹೋಯಿತು, ಎರಡು ಪಕಾಸು ಕರಕಲಾಯಿತು. ದೊಡ್ಡಪ್ಪ ಆಮೇಲೆ ಸೋಪಿನ ಬಗ್ಗೆ ಮಾತಾಡಲಿಲ್ಲ.

ಹಾಗಾಗಿ ಮರ ಇರುವ ಮಾಡಿನ ಹತ್ತಿರ ಬೆಂಕಿ ಬೇಡ. ಪೆಟ್ರೋಲು, ಸೀಮೆಎಣ್ಣೆ ಎರಚುವುದಂತೂ ಬೇಡವೇ ಬೇಡ. ಸ್ಪ್ರೇ ಡಬ್ಬಿಗೆ ಲೈಟರ್ ಹಿಡಿದು ಬೆಂಕಿಯ ಧಾರೆ ಮಾಡುವ ವೀಡಿಯೊ ಮೊಬೈಲಿನಲ್ಲಿ ಓಡಾಡುತ್ತದೆ. ಅದನ್ನು ನೋಡಿದ ಹುಡುಗರು ಮನೆಯಲ್ಲಿದ್ದರೆ ಡಬ್ಬಿಯನ್ನೂ ಲೈಟರನ್ನೂ ಬೇರೆ ಬೇರೆ ಕಡೆ ಇಡಿ.

ಗೋಡೆಯ ತೂತಿನಲ್ಲಿ ಹುಳ ಓಡಾಡುತ್ತಿದ್ದರೆ ಸಿಮೆಂಟು ಮೆತ್ತಿ ಮುಚ್ಚುವುದು ಇನ್ನೊಂದು ಜಾಣತನ. ಒಳಗಿದ್ದವು ಸುಮ್ಮನೆ ಸಾಯುವುದಿಲ್ಲ. ಬೇರೆ ಸಂದಿ ಹುಡುಕಿ ಮಲಗುವ ಕೋಣೆಯ ಮುಚ್ಚಿಗೆಯಿಂದ ಇಳಿಯುತ್ತವೆ. ಖಾಲಿಯಾದ ಮೇಲೆಯೇ ಮುಚ್ಚಬೇಕು. ಕಲ್ಲು ಹೊಡೆಯುವುದರ ಬಗ್ಗೆ ಹೇಳುವುದೇನೂ ಇಲ್ಲ.

ಕೊಡದಂಥ ಗೂಡು ಇದ್ದರೆ

ಹೊದಿಕೆ ಇರುವ ಗೂಡನ್ನು ನೀವೇ ತೆಗೆಯಬೇಡಿ ಅಂದೆ. ಕಾರಣ ಇದು. ಸೋಪಿನ ನೀರು ಹೊರಗಿನ ಕಾಗದವನ್ನು ನೆನೆಸುತ್ತದೆ, ಒಳಗಿನ ಅಂತಸ್ತುಗಳಿಗೆ ತಲುಪುವುದಿಲ್ಲ. ಒಳಗೆ ನೂರಾರು ಹುಳ, ಒಂದೊಂದರ ವಿಷವೂ ಸಣ್ಣ ಕಣಜಕ್ಕಿಂತ ಜಾಸ್ತಿ. ರಾತ್ರಿಯಾದರೂ ಬೆಳಕಿನತ್ತ ಹಾರಿ ಬರುತ್ತವೆ, ಬಹಳ ದೂರ ಅಟ್ಟಿಸಿಕೊಂಡು ಬರುತ್ತವೆ. ರೈನ್‌ಕೋಟಿನ ಬಟ್ಟೆ ದಾಟುವಷ್ಟು ಉದ್ದದ ಕೊಂಡಿ.

ಶಿವಮೊಗ್ಗ ಪೇಟೆಯಲ್ಲಿ ಕೀಟ ನಿಯಂತ್ರಣದವರು ಸಿಗುತ್ತಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಇಂಥ ಕೆಲಸ ಬಲ್ಲವರ ಹೆಸರು ಹೇಳುತ್ತಾರೆ. ಶಾಲೆ, ಅಂಗನವಾಡಿ, ಬಸ್ ಸ್ಟ್ಯಾಂಡ್ ಹತ್ತಿರ ಇದ್ದು ಜನರಿಗೆ ಅಪಾಯ ಇದ್ದರೆ ಅಗ್ನಿಶಾಮಕ ಠಾಣೆಗೆ ಹೇಳಿ. 112ಕ್ಕೆ ಮಾಡಿದರೂ ಆಗುತ್ತದೆ. ಬರುವವರನ್ನು ಮೂರು ಪ್ರಶ್ನೆ ಕೇಳಿ: ಮೈಪೂರ್ತಿ ಮುಚ್ಚುವ ಉಡುಪು ಇದೆಯಾ? ಯಾವ ಮದ್ದು ಹೊಡೆಯುತ್ತೀರಿ? ಆಮೇಲೆ ಗೂಡು ಇಳಿಸಿ ಕೊಡುತ್ತೀರಾ? 'ಉಡುಪೆಲ್ಲ ಯಾಕೆ, ಒಂದು ಕ್ವಾರ್ಟರ್ ಕೊಡಿಸಿ ಸಾಕು' ಅನ್ನುವ ಧೀರರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ.

ಅವರು ಬರುವವರೆಗೆ ಗೂಡಿನ ಸುತ್ತ ಹತ್ತಿಪ್ಪತ್ತು ಮೀಟರ್ ಬಿಟ್ಟು ದಾರಿಗೆ ಹಗ್ಗ ಕಟ್ಟಿ, ಕೆಂಪು ಬಟ್ಟೆ ನೇತು ಹಾಕಿ. ಪಕ್ಕದ ಮನೆಯವರಿಗೆ, ಹಾಲಿನವರಿಗೆ, ಕೂಲಿಗೆ ಬರುವವರಿಗೆ ಬಾಯಿಬಿಟ್ಟು ಹೇಳಿ.

ಒಂದು ತಮಾಷೆ. ಈ ದೊಡ್ಡ ಕಡಜಗಳಲ್ಲಿ ಪೊಟರೆ ವಾಸದ ಜಾತಿಯೇ ಸಣ್ಣ ಕಣಜದ ದೊಡ್ಡ ಶತ್ರು. ನಮ್ಮ ಸೌದೆಮನೆಯಲ್ಲಿ ಒಂದು ಬೆಳಿಗ್ಗೆ ಒಂದೇ ಒಂದು ಕಡಜ ಬಂದು ಕೂತಿತು. ಗೂಡಿನ ಕಣಜಗಳೆಲ್ಲ ಜಗಳಕ್ಕೆ ನಿಲ್ಲದೆ ಹಾರಿ ಹೋಗಿ ಪಕ್ಕದ ಪಕಾಸಿಗೆ ಅಂಟಿಕೊಂಡವು. ಕಡಜ ಒಂದೊಂದೇ ಕೋಣೆಯಿಂದ ಮರಿಗಳನ್ನು ಎಳೆದು ತಿಂದಿತು. ನಾನು ತೆಗೆಯಬೇಕೆಂದಿದ್ದ ಗೂಡು ಎರಡು ದಿನದಲ್ಲಿ ಖಾಲಿ. ಕೂಲಿಯೂ ಇಲ್ಲ.

ಕುಟುಕಿದರೆ

ಹುಳ ಎದ್ದರೆ ಕೈ ಬೀಸಬೇಡಿ, ಹೊಡೆದು ಹಿಸುಕಬೇಡಿ. ಮುಖ ಮುಚ್ಚಿಕೊಂಡು ನೇರ ಮನೆಯೊಳಗೋ ಜೀಪಿನೊಳಗೋ ಓಡಿ ಬಾಗಿಲು ಹಾಕಿ.

ಒಂದೆರಡು ಕುಟುಕಾದರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಕೈಗೆ ಕುಟುಕಿದ್ದರೆ ಉಂಗುರ, ಬಳೆ ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಸುಣ್ಣ ಹಚ್ಚುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಚರ್ಮ ಸುಡುವುದು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ. ವಿಷ ಆಗಲೇ ಚರ್ಮದ ಕೆಳಗೆ ಹೋಗಿರುತ್ತದೆ. ಒಂದೆರಡು ದಿನ ಬಾವು, ತುರಿಕೆ ಇರುವುದು ಸಹಜ.

ಹೆದರಬೇಕಾದ್ದು ಅಲರ್ಜಿಗೆ. ಕುಟುಕಿದ ಜಾಗ ಬಿಟ್ಟು ಬೇರೆ ಕಡೆ ದದ್ದು, ತುಟಿ, ನಾಲಿಗೆ, ಗಂಟಲು ಊದುವುದು, ಧ್ವನಿ ಒಡೆಯುವುದು, ಉಬ್ಬಸ, ತಲೆ ಸುತ್ತು, ವಾಂತಿ. ಇದು ಕೆಲವೇ ನಿಮಿಷದಲ್ಲಿ ಶುರುವಾಗಬಹುದು. ಇದಕ್ಕೆ ಮನೆಮದ್ದು ಇಲ್ಲ. ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್. 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬರುವುದು ತಡ ಅನ್ನಿಸಿದರೆ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೊರಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. 'ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಹೋಗೋಣ' ಅಂತ ದಾರಿಯ ಆಸ್ಪತ್ರೆ ದಾಟಿ ಹೋಗಬೇಡಿ. ಮೊದಲ ಇಂಜೆಕ್ಷನ್ ಹತ್ತಿರದಲ್ಲೇ ಆಗಲಿ. ತಲೆ ಸುತ್ತುತ್ತಿದ್ದರೆ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ. ನಡೆಸಬೇಡಿ.

ಬಾಯಿಯೊಳಗೆ, ಗಂಟಲಿಗೆ ಕುಟುಕಿದರೆ ಅಲರ್ಜಿ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹತ್ತಾರು ಕಡೆ ಕುಟುಕಿದ್ದರೆ, ಅದರಲ್ಲೂ ದೊಡ್ಡ ಕಡಜವಾದರೆ, ಆಗ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಸ್ನಾಯು, ರಕ್ತಕಣ ಒಡೆದು ಒಂದೆರಡು ದಿನದ ನಂತರ ಕಿಡ್ನಿಗೆ ಪೆಟ್ಟು ಬೀಳಬಹುದು. ಮೂತ್ರ ಕಡಿಮೆಯಾದರೆ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಮಕ್ಕಳಿಗೆ, ವಯಸ್ಸಾದವರಿಗೆ ಕಡಿಮೆ ಕುಟುಕೂ ಜಾಸ್ತಿಯೇ.

ಮತ್ತೆ ಕಟ್ಟದ ಹಾಗೆ

ಬೆಳಿಗ್ಗೆ ಬಕೆಟ್ಟಿನ ಗೂಡು ತೆಗೆದು ಹೂಳಿ. ಸೋಪು, ಮದ್ದು ಏನೂ ಹೊಡೆಯದೆ ಖಾಲಿಯಾದ ಗೂಡಾದರೆ ಕೋಳಿಗೆ ಹಾಕಬಹುದು, ಒಳಗಿನ ಮರಿ ಅವಕ್ಕೆ ಹಬ್ಬ. ಮದ್ದು ಹೊಡೆದ ಗೂಡನ್ನು ಕೋಳಿಗೂ ಕೆರೆಗೂ ತೋರಿಸಬೇಡಿ.

ಎರಡು ಮೂರು ದಿನ ನಾಲ್ಕೈದು ಹುಳ ಅಲ್ಲೇ ಸುಳಿದಾಡುತ್ತವೆ, ಕೆಲವೊಮ್ಮೆ ಗುಂಪಾಗಿ ರೀಪಿಗೆ ಅಂಟಿ ಕೂತಿರುತ್ತವೆ. ಕಾಯಲು ಗೂಡಿಲ್ಲದ ಕಣಜಕ್ಕೆ ಸಿಟ್ಟು ಕಡಿಮೆ. ಹೊಸ ತೊಟ್ಟು ಇಡುವುದು ಕಂಡರೆ ಮಾತ್ರ ಪೊರಕೆ ತನ್ನಿ.

ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ರೀಪಿನ ಸಂದಿಯ ಹಳೆ ಗೂಡು, ಬಲೆ ಎಲ್ಲ ಕೆರೆಸಿ. ಹಳೆ ಗೂಡಿಗೆ ಅದೇ ಕಣಜ ವಾಪಸ್ ಬರುವುದು ಅಪರೂಪ. ಆದರೆ ಅದು ಇದ್ದರೆ ಹೊಸದು ಯಾವುದು ಅಂತ ನಿಮಗೆ ಗೊತ್ತಾಗುವುದಿಲ್ಲ. ಬಿಳಿಚಿದ ಪಕಾಸು, ಕಿಟಕಿಯ ಮರಕ್ಕೆ ವಾರ್ನಿಷ್ ಬಳಿದರೆ ಕೆರೆಯಲು ಕಷ್ಟ. ಗೇಟಿನ ಪೈಪಿನ ಬಾಯಿಗೆ ಮರದ ಬಿರಡೆ, ಅಟ್ಟದ ಗಾಳಿಕಿಂಡಿಗೆ ಸೊಳ್ಳೆ ಜಾಲರಿ.

ಸ್ಟಾರ್ಟರ್ ಡಬ್ಬಿಗೆ ಕೆಳಗಿನಿಂದ ವೈರು ಬರುವ ತೂತು ಇರುತ್ತದೆ. ಕರೆಂಟು ತೆಗೆಸಿ ಅದರ ಸುತ್ತ ವೈರಿಂಗ್‌ನವರು ಬಳಸುವ ರಬ್ಬರ್ ಬಿಲ್ಲೆ ಕೂರಿಸಿ. ನಾನು ಎರಡು ಕೂರಿಸಿದೆ, ಇಪ್ಪತ್ತು ರೂಪಾಯಿ ಆಯಿತು. ಈಗಲೂ ಮುಚ್ಚಳ ತೆಗೆಯುವ ಮೊದಲು ಕೋಲಿನಿಂದ ಎರಡು ಸಲ ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.